ಚೀಲದಲ್ಲಿ ಮಡಚುವ ಚಾಕು ಇದ್ದರೆ ಅಪರಾಧವೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಚಾರಣದ ಹವ್ಯಾಸವಿರುವುದರಿಂದ ಏಳು ಸೆಂಟಿಮೀಟರ್ ಅಲಗಿನ, ಮಡಚುವ ಚಾಕು ಒಂದು ಸದಾ ನನ್ನ ಬೆನ್ನುಚೀಲದಲ್ಲಿರುತ್ತದೆ. ತೆರೆದಾಗ ಅದರ ಅಲಗು ಲಾಕ್ ಆಗುತ್ತದೆ. ಕಳೆದ ತಿಂಗಳು ರಾತ್ರಿ ಹನ್ನೊಂದರ ಸುಮಾರಿಗೆ ಊರಿನಿಂದ ಬಂದು ಬಸ್ಸಿಳಿದು ನಡೆದು ಹೋಗುತ್ತಿದ್ದಾಗ ಗಸ್ತಿನ ಪೊಲೀಸರು ಚೀಲ ಪರಿಶೀಲಿಸಿ, 'ಚಾಕು ಯಾಕೆ?' ಎಂದು ಕೇಳಿದರು. ನಾನು ಗಾಬರಿಯಲ್ಲಿ 'ಸೇಫ್ಟಿಗೆ ಸರ್' ಎಂದುಬಿಟ್ಟೆ. ಹೆಸರು, ಫೋನ್ ನಂಬರ್ ಬರೆದುಕೊಂಡು, ಅರ್ಧ ಗಂಟೆ ನಿಲ್ಲಿಸಿ, ಚಾಕು ವಾಪಸ್ ಕೊಟ್ಟು ಕಳಿಸಿದರು. ಮೂರು ಇಂಚಿನೊಳಗಿದ್ದರೆ ತೊಂದರೆಯಿಲ್ಲ ಎಂದು ಒಬ್ಬ ಗೆಳೆಯ ಹೇಳುತ್ತಾನೆ, ಆರು ಇಂಚಿನವರೆಗೆ ಇರಬಹುದೆಂದು ಇನ್ನೊಬ್ಬ. ಯಾವ ಚಾಕು ಸಿಕ್ಕರೂ ಆರ್ಮ್ಸ್ ಆಕ್ಟ್, ಜಾಮೀನೂ ಸಿಗುವುದಿಲ್ಲ ಎನ್ನುತ್ತಾರೆ ಚಿಕ್ಕಪ್ಪ. ನನ್ನ ಮೇಲೆ ಕೇಸು ಆಗಿರಬಹುದೇ? ಸೆಪ್ಟೆಂಬರಿನಲ್ಲಿ ಓದಲು ಇಂಗ್ಲೆಂಡಿಗೆ ಹೋಗುವವನಿದ್ದೇನೆ. ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವ ನನ್ನ ತಂಗಿ ತಾನೂ ಒಂದು ಚಾಕು ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ, ಸರಿಯೇ? ಅಪ್ಪ ದಿನವೂ ಸ್ಕೂಟರಿನಲ್ಲಿ ಕತ್ತಿ ಇಟ್ಟುಕೊಂಡೇ ತೋಟಕ್ಕೆ ಹೋಗುತ್ತಾರೆ, ಅವರನ್ನು ಯಾರೂ ಕೇಳಿಲ್ಲ.

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಸಂಗತಿಯನ್ನು ನೋಡೋಣ. ಗಸ್ತಿನ ಪೊಲೀಸರು ಹೆಸರು ಬರೆದುಕೊಂಡ ಮಾತ್ರಕ್ಕೆ ಪ್ರಕರಣ ದಾಖಲಾದಂತೆ ಆಗುವುದಿಲ್ಲ. ಪ್ರಕರಣವಾಗಿದ್ದರೆ ಚಾಕುವನ್ನು ಪಂಚರ ಸಮಕ್ಷಮ ಮಹಜರು ಮಾಡಿ ಜಪ್ತಿ ಮಾಡುತ್ತಿದ್ದರೇ ಹೊರತು ನಿಮ್ಮ ಕೈಗೆ ಹಿಂದಿರುಗಿಸುತ್ತಿರಲಿಲ್ಲ, ಏಕೆಂದರೆ ಇಂಥ ಪ್ರಕರಣದಲ್ಲಿ ಆ ವಸ್ತುವೇ ಮುಖ್ಯ ಸಾಕ್ಷ್ಯ. ಆದರೂ ಖಚಿತಪಡಿಸಿಕೊಳ್ಳಬೇಕೆಂದಿದ್ದರೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಆ ದಿನಾಂಕ ಮತ್ತು ಆ ಠಾಣೆಯ ಹೆಸರು ಹಾಕಿ ರಾಜ್ಯ ಪೊಲೀಸರ ಜಾಲತಾಣದಲ್ಲಿ ಹುಡುಕಿ ನೋಡಿ.

ಇನ್ನು ಇಂಚಿನ ಲೆಕ್ಕಕ್ಕೆ ಬರುತ್ತೇನೆ. ನನ್ನ ವಕೀಲಿ ವೃತ್ತಿಯಲ್ಲಿ ಈ ಮೂರು, ಆರು, ಒಂಬತ್ತು ಇಂಚಿನ ಮಾತನ್ನು ಕಕ್ಷಿದಾರರ ಬಾಯಲ್ಲಿ ಮಾತ್ರವಲ್ಲ, ಪೊಲೀಸ್ ಸಿಬ್ಬಂದಿಯ ಬಾಯಲ್ಲೂ ಕೇಳಿದ್ದೇನೆ. ಈ ಅಳತೆಗಳು ಯಾರೋ ಕಟ್ಟಿದ ಕತೆಗಳಲ್ಲ, ಪ್ರತಿಯೊಂದಕ್ಕೂ ಒಂದು ಮೂಲವಿದೆ. ಒಂದು ಕಡೆಗೆಂದು ಹೇಳಿದ್ದನ್ನು ಇನ್ನೊಂದು ಕಡೆಗೆ ಅನ್ವಯಿಸಿಕೊಂಡದ್ದೇ ಗೊಂದಲಕ್ಕೆ ಕಾರಣ.

ಮೂರು ಇಂಚು ದೆಹಲಿಯ ಅಳತೆ. ಅಲ್ಲಿಯ ಆಡಳಿತ 1980ರ ಅಕ್ಟೋಬರ್ 29ರಂದು ಹೊರಡಿಸಿದ ಅಧಿಸೂಚನೆಯೊಂದು ಗುಂಡಿ ಒತ್ತಿದರೆ ಚಿಮ್ಮುವ ಬಟನ್‌ದಾರ್ ಚಾಕು, ಹಲ್ಲುಚಕ್ರದ ಕೀಲಿರುವ ಗರಾರಿದಾರ್ ಚಾಕು ಮುಂತಾದವುಗಳ ಅಲಗು 7.62 ಸೆಂಟಿಮೀಟರ್ ಉದ್ದ ಮತ್ತು 1.72 ಸೆಂಟಿಮೀಟರ್ ಅಗಲ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವುಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. 7.62 ಸೆಂಟಿಮೀಟರ್ ಎಂದರೆ ಸರಿಯಾಗಿ ಮೂರು ಇಂಚು. ಬ್ರಿಟನ್ನಿನ ಕಾನೂನಿನಲ್ಲಿಯೂ ಮೂರು ಇಂಚಿನ ಮಾತಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆರು ಇಂಚು ಬಹುಶಃ ವಿಮಾನದಿಂದ ಇಳಿದು ಬಂದದ್ದು. ದೇಶದೊಳಗಿನ ವಿಮಾನಯಾನದಲ್ಲಿ ಸಿಖ್ಖರು ಧರಿಸುವ ಕಿರ್ಪಾನಿನ ಅಲಗು ಆರು ಇಂಚನ್ನೂ ಒಟ್ಟು ಉದ್ದ ಒಂಬತ್ತು ಇಂಚನ್ನೂ ಮೀರಬಾರದೆಂಬ ನಿಯಮವಿದೆ. ಕಿರ್ಪಾನ್ ಧಾರಣೆಗೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ರಕ್ಷಣೆ ಇದೆ. ಆ ರಿಯಾಯಿತಿ ನಿಮ್ಮ ಚಾಕುವಿಗಾಗಲಿ ನನ್ನ ಚಾಕುವಿಗಾಗಲಿ ಅನ್ವಯಿಸುವುದಿಲ್ಲ.

ಒಂಬತ್ತು ಇಂಚು ಮಾತ್ರ ಇಡೀ ದೇಶಕ್ಕೆ ಸೇರಿದ ಅಳತೆ. ಶಸ್ತ್ರಾಸ್ತ್ರ ನಿಯಮಗಳ ಮೊದಲನೆಯ ಅನುಸೂಚಿಯ ಐದನೇ ವರ್ಗದಲ್ಲಿ ಬಂದೂಕಲ್ಲದ ಆಯುಧಗಳ ಪಟ್ಟಿಯಿದೆ. ಖಡ್ಗ, ಬಾಕು, ಈಟಿ, ಬಂದೂಕಿನ ತುದಿಗೆ ಸಿಕ್ಕಿಸುವ ಸನೀನು, ಜೊತೆಗೆ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿರುವ ಚಾಕುಗಳು ಅದರಲ್ಲಿ ಸೇರಿವೆ. ಆದರೆ ಮನೆಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕೆಯ ಉದ್ದೇಶಕ್ಕೆಂದು ರೂಪಿಸಿದವುಗಳನ್ನು ಅಲ್ಲಿಯೇ ಹೊರಗಿಟ್ಟಿದ್ದಾರೆ. ಈ ಪಟ್ಟಿಯಲ್ಲಿರುವ ಆಯುಧಕ್ಕೂ ಎಲ್ಲೆಡೆ ಪರವಾನಗಿ ಬೇಕೆಂದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 4ನೇ ಕಲಮಿನ ಪ್ರಕಾರ, ಒಂದು ಪ್ರದೇಶದ ಪರಿಸ್ಥಿತಿಯನ್ನು ನೋಡಿ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಿದರೆ ಮಾತ್ರ, ಆ ಪ್ರದೇಶದಲ್ಲಿ, ಅದರಲ್ಲಿ ಹೆಸರಿಸಿದ ಬಗೆಯ ಆಯುಧಗಳಿಗೆ ಪರವಾನಗಿ ಕಡ್ಡಾಯವಾಗುತ್ತದೆ. ಹಾಗಾಗಿ ಚಾಕುವಿನ ಕಾರಣಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ ಆರೋಪ ಹೊತ್ತು ಯಾರಾದರೂ ನನ್ನ ಕಚೇರಿಗೆ ಬಂದರೆ ನಾನು ದೋಷಾರೋಪ ಪಟ್ಟಿಯಲ್ಲಿ ಮೊದಲು ಹುಡುಕುವುದು ಆ ಅಧಿಸೂಚನೆಯ ಪ್ರತಿಯನ್ನು. ಅದರ ಜೊತೆಗೆ ಅಲಗಿನ ಉದ್ದ ಅಗಲಗಳನ್ನು ಅಳೆದು ಬರೆದ ಮಹಜರು ಇದೆಯೇ ಎಂದು ನೋಡುತ್ತೇನೆ. ಇವೆರಡನ್ನೂ ಹಾಜರುಪಡಿಸಬೇಕಾದ ಹೊಣೆ ಪ್ರಾಸಿಕ್ಯೂಷನ್ನಿನದು.

ನಿಮ್ಮ ಚಿಕ್ಕಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ. ಶಸ್ತ್ರಾಸ್ತ್ರ ಕಾಯ್ದೆಯ ಎಲ್ಲ ಅಪರಾಧಗಳೂ ಸಂಜ್ಞೇಯ ಅಪರಾಧಗಳು, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. 4ನೇ ಕಲಮಿನ ಉಲ್ಲಂಘನೆಗೆ 25ನೇ ಕಲಮಿನಲ್ಲಿ ಕನಿಷ್ಠ ಶಿಕ್ಷೆಯನ್ನೇ ನಿಗದಿಪಡಿಸಲಾಗಿದೆ, ಮತ್ತು ಅದು ಜಾಮೀನುರಹಿತ ಅಪರಾಧ. ಆದರೆ ಜಾಮೀನುರಹಿತ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಅರ್ಥವಲ್ಲ. ಠಾಣೆಯಲ್ಲಿ ಹಕ್ಕಾಗಿ ಕೇಳುವಂತಿಲ್ಲ, ನ್ಯಾಯಾಲಯ ವಿವೇಚಿಸಿ ಕೊಡುತ್ತದೆ ಎಂದಷ್ಟೇ ಅರ್ಥ. ಅದಕ್ಕಿಂತ ಮುಖ್ಯವಾಗಿ, ಆ ಕಾಯ್ದೆ ಅನ್ವಯವಾಗಬೇಕಾದರೆ ನಿಮ್ಮ ಬಳಿಯಿರುವ ವಸ್ತು ಮೊದಲು ಕಾನೂನಿನ ಕಣ್ಣಿನಲ್ಲಿ 'ಆಯುಧ'ವಾಗಿರಬೇಕು.

ಎಲ್ಲ ಗೊಂದಲದ ಬೇರು ಇರುವುದು ಈ ಪದದಲ್ಲಿ. ಕಾಯ್ದೆಯ 2ನೇ ಕಲಮಿನ ಪ್ರಕಾರ ಆಯುಧವೆಂದರೆ ಆಕ್ರಮಣಕ್ಕೆ ಅಥವಾ ರಕ್ಷಣೆಗೆ ಆಯುಧವಾಗಿ ರೂಪಿಸಿದ ಇಲ್ಲವೇ ಮಾರ್ಪಡಿಸಿದ ವಸ್ತು. ಹರಿತವಾದ ಮಾರಕ ಆಯುಧಗಳೂ ಅದರಲ್ಲಿ ಸೇರುತ್ತವೆ. ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆ ಮಾತ್ರ ರೂಪಿಸಿದ ವಸ್ತುಗಳು ಸೇರುವುದಿಲ್ಲ. ಹಾಗಾಗಿ ಕಾನೂನು ಕೇಳುವ ಮೊದಲ ಪ್ರಶ್ನೆ ಉದ್ದ ಎಷ್ಟು ಎಂಬುದಲ್ಲ, ಯಾತಕ್ಕಾಗಿ ಮಾಡಿದ್ದು ಎಂಬುದು. ಎಳನೀರು ಮಾರುವವರ ಮಚ್ಚು ಒಂಬತ್ತು ಇಂಚು ಮೀರಿದ್ದರೂ ಅದು ಕಸುಬಿನ ಸಾಧನ. ಅದೇ ಕಬ್ಬಿಣಕ್ಕೆ ಉದ್ದನೆಯ ಹಿಡಿ ಬೆಸೆದು, ಬಟ್ಟೆ ಸುತ್ತಿ, ಕಾರಿನ ಸೀಟಿನ ಕೆಳಗಿಟ್ಟರೆ ಬೆಂಗಳೂರಿನ ಅಪರಾಧ ಸುದ್ದಿಗಳಲ್ಲಿ ಓದುವ 'ಲಾಂಗು' ಆಗುತ್ತದೆ. ಎರಡೂ ಬದಿ ಹರಿತವಿರುವ ಬಾಕು, ಗುಂಡಿ ಒತ್ತಿದರೆ ಚಿಮ್ಮುವ ಚಾಕು ಇವುಗಳ ರೂಪವೇ ಅವುಗಳ ಉದ್ದೇಶವನ್ನು ಹೇಳಿಬಿಡುತ್ತದೆ. ಹಣ್ಣು ಹೆಚ್ಚುವುದಕ್ಕೆ ಇಟ್ಟುಕೊಂಡಿದ್ದೆ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದು ಕಷ್ಟ. ಆನ್‌ಲೈನ್ ಅಂಗಡಿಯಲ್ಲಿ ಮುಕ್ತವಾಗಿ ಸಿಗುತ್ತದೆ, ಬಿಲ್ಲೂ ಇದೆ ಎಂಬ ವಾದದಿಂದಲೂ ಹೆಚ್ಚಿನ ಉಪಯೋಗವಿಲ್ಲ. ಬಿಲ್ಲು ನೀವು ಅದನ್ನು ಕದ್ದಿಲ್ಲವೆಂದು ತೋರಿಸುತ್ತದೆ, ನಡುರಾತ್ರಿ ಯಾಕೆ ಜೇಬಿನಲ್ಲಿತ್ತು ಎಂಬುದನ್ನು ಅದು ಹೇಳುವುದಿಲ್ಲ.

ನಿಮ್ಮ ತಂದೆಯವರನ್ನು ಯಾರೂ ಕೇಳದಿರುವುದಕ್ಕೆ ಕಾರಣವೂ ಇದೇ. ಅಡಿಕೆ ತೋಟದ ದಾರಿಯಲ್ಲಿ, ಹಗಲು ಹೊತ್ತಿನಲ್ಲಿ, ಸ್ಕೂಟರಿನ ಮುಂದೆ ಸೊಪ್ಪು ಸವರುವ ಕತ್ತಿ ಇದ್ದರೆ ಆ ವಸ್ತು, ಆ ಜಾಗ, ಆ ಹೊತ್ತು ಮೂರೂ ಒಂದನ್ನೊಂದು ಸಮರ್ಥಿಸುತ್ತವೆ. ಅದೇ ಕತ್ತಿಯನ್ನು ಮರೆತು ಸಾಗರದ ಪೇಟೆಗೆ, ಅದೂ ಜಾತ್ರೆಯ ಸಂಜೆ ಒಯ್ದರೆ ಪ್ರಶ್ನೆ ಹುಟ್ಟಬಹುದು. ಪೇಟೆಗೆ ಹೋಗುವ ಮೊದಲು ಅದನ್ನು ತೋಟದ ಮನೆಯಲ್ಲಿ ಇಟ್ಟು ಬರಲು ಹೇಳಿ, ಅಷ್ಟು ಸಾಕು.

ಈ ಹಿನ್ನೆಲೆಯಲ್ಲಿ ನೀವು ಪೊಲೀಸರಿಗೆ ಕೊಟ್ಟ ಉತ್ತರವನ್ನು ನೋಡಿ. 'ಸೇಫ್ಟಿಗೆ' ಎಂದಿರಿ. ಮುಗ್ಧವಾಗಿ ಆಡಿದ ಮಾತೆಂದು ನನಗೆ ತಿಳಿಯುತ್ತದೆ, ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ 'ಆಕ್ರಮಣಕ್ಕೆ ಅಥವಾ ರಕ್ಷಣೆಗೆ' ಎಂದಿರುವುದನ್ನು ಗಮನಿಸಿ. ಚಾರಣದ ಸಾಧನವಾಗಿದ್ದ ಚಾಕುವನ್ನು ಆಯುಧವೆಂದು ನೀವೇ ಹೆಸರಿಸಿದಂತಾಯಿತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲವೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೇಳುತ್ತದೆ ನಿಜ, ಆದರೆ ಅದು ವಿಚಾರಣೆಯ ಹಂತದ ಮಾತು. ಬೀದಿಯಲ್ಲಿ ನಿಂತ ಅಧಿಕಾರಿ ನಿಮ್ಮನ್ನು ಬಿಡಬೇಕೋ ಠಾಣೆಗೆ ಕರೆದೊಯ್ಯಬೇಕೋ ಎಂದು ತೀರ್ಮಾನಿಸುವುದು ನಿಮ್ಮ ಮೊದಲ ವಾಕ್ಯದ ಮೇಲೆ. ಶಸ್ತ್ರಾಸ್ತ್ರ ಕಾಯ್ದೆಯ 20ನೇ ಕಲಮು, ಆಯುಧವನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಬಹುದೆಂಬ ನ್ಯಾಯಯುತ ಅನುಮಾನ ಹುಟ್ಟಿಸುವ ಸಂದರ್ಭದಲ್ಲಿ ಯಾರಾದರೂ ಒಯ್ಯುತ್ತಿದ್ದರೆ, ಪರವಾನಗಿ ಇದ್ದರೂ ಇಲ್ಲದಿದ್ದರೂ, ಬಂಧಿಸಲು ಅವಕಾಶ ಕೊಡುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 96ನೇ ಕಲಮು, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಅಪರಾಧವೆಸಗುವ ಉದ್ದೇಶದಿಂದ ಅಪಾಯಕಾರಿ ಸಾಧನ ಹಿಡಿದು ತಿರುಗುವುದನ್ನು ಶಿಕ್ಷಾರ್ಹವೆನ್ನುತ್ತದೆ. ರಾತ್ರಿ ಹನ್ನೊಂದಕ್ಕೆ ನಿಮ್ಮನ್ನು ಅರ್ಧ ಗಂಟೆ ನಿಲ್ಲಿಸಿದ್ದರ ಹಿಂದೆ ಇರುವುದು ಇಂಥ ಅಧಿಕಾರ. ಉದ್ದೇಶವನ್ನು ರುಜುವಾತುಪಡಿಸದೆ ಶಿಕ್ಷೆಯಾಗದು, ಆದರೆ ವಿಚಾರಿಸುವುದಕ್ಕೆ ಅನುಮಾನವೇ ಸಾಕಾಗುತ್ತದೆ.

ಹಾಗೆಂದು ಮುಂದಿನ ಸಲ ಹೇಳಲು ಒಂದು ಸುಳ್ಳನ್ನು ಸಿದ್ಧಮಾಡಿಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕಾರಣ ನಿಜವಾಗಿದ್ದು, ನೀವು ಚಾಕುವನ್ನು ಒಯ್ಯುವ ರೀತಿಯಲ್ಲಿಯೇ ಅದು ಕಾಣುವಂತಿರಬೇಕು ಎನ್ನುತ್ತಿದ್ದೇನೆ. ಚಾರಣದಿಂದ ಬರುವಾಗ ಹಗ್ಗ, ಟಾರ್ಚು, ಊಟದ ಡಬ್ಬಿಯ ಜೊತೆ ಚೀಲದ ತಳದಲ್ಲಿ ಮಡಚಿಟ್ಟ ಚಾಕು ತನ್ನ ಕತೆಯನ್ನು ತಾನೇ ಹೇಳುತ್ತದೆ. ಆಫೀಸಿಗೆ ಹೋಗುವ ದಿನ ಪ್ಯಾಂಟಿನ ಜೇಬಿಗೆ ಸಿಕ್ಕಿಸಿಕೊಂಡ ಅದೇ ಚಾಕುವಿಗೆ ಹೇಳಿಕೊಳ್ಳಲು ಕತೆಯಿಲ್ಲ. ಸದಾ ಚೀಲದಲ್ಲಿರುತ್ತದೆ ಎಂದು ಬರೆದಿದ್ದೀರಿ. ಆ 'ಸದಾ' ಎಂಬುದನ್ನು ಬಿಟ್ಟರೆ ನಿಮ್ಮ ಸಮಸ್ಯೆಯ ಬಹುಪಾಲು ಕರಗುತ್ತದೆ.

ಚಾರಣಿಗರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ, ಏಕೆಂದರೆ ಇದನ್ನು ಬಲ್ಲವರು ಬಹಳ ಕಡಿಮೆ. ಊರಿನ ಬೀದಿಗಿಂತ ಕಾಡಿನಲ್ಲಿ ಚಾಕುವಿನ ಕಾನೂನು ಕಟ್ಟುನಿಟ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಯಾರೂ ಆಯುಧದೊಂದಿಗೆ ವನ್ಯಧಾಮವನ್ನು ಪ್ರವೇಶಿಸುವಂತಿಲ್ಲ. ಆ ನಿಷೇಧ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಆ ಕಾಯ್ದೆಯಲ್ಲಿ ಆಯುಧ ಎಂಬ ಪದಕ್ಕಿರುವ ವ್ಯಾಖ್ಯೆಯಲ್ಲಿ ಬಿಲ್ಲು ಬಾಣ, ಬಲೆ, ಉರುಳು, ಗಾಳಗಳ ಜೊತೆಗೆ ಚಾಕುವಿನ ಹೆಸರು ನೇರವಾಗಿಯೇ ಇದೆ. ಅಲ್ಲಿ ಉದ್ದದ ಮಿತಿಯಿಲ್ಲ, ಮನೆಬಳಕೆಯ ವಿನಾಯಿತಿಯೂ ಇಲ್ಲ. ನಮ್ಮವರು ಸಾಲುಗಟ್ಟಿ ಹತ್ತುವ ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ, ಕುದುರೆಮುಖ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ಬೇಟೆಯನ್ನು ತಡೆಯುವುದಕ್ಕೆಂದು ಮಾಡಿದ ಈ ನಿಯಮ ಸೌತೆಕಾಯಿ ಹೆಚ್ಚುವ ಚಾಕುವನ್ನೂ ಅಕ್ಷರಶಃ ಒಳಗೊಳ್ಳುತ್ತದೆ. ಯಾವ ಕಾಡಿಗೆ ಹೋಗುತ್ತೀರೋ ಅಲ್ಲಿಯ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಚಾಕು ಇದೆಯೆಂದು ಮೊದಲೇ ಹೇಳಿ, ಬಿಟ್ಟು ಹೋಗಿ ಎಂದರೆ ಬಿಟ್ಟು ಹೋಗಿ. ಹಣ್ಣನ್ನು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಕೆಲವು ದಿನಗಳಲ್ಲಿ ಊರಿನ ಕಾನೂನೂ ಬಿಗಿಯಾಗುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಡಿ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಕತ್ತಿ, ಚಾಕು, ದೊಣ್ಣೆ, ಕೊನೆಗೆ ಕೋಲನ್ನೂ ಒಯ್ಯದಂತೆ ನಿಷೇಧಿಸಬಹುದು. ಹಿಂದೆ 144 ಎಂದು ಎಲ್ಲರ ಬಾಯಲ್ಲಿದ್ದ ನಿಷೇಧಾಜ್ಞೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಾಗಿದೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಭೆಯ ಸಮಯದಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಅದರ ಬಿಗಿ ಗೊತ್ತು. ಇಂಥ ಆದೇಶ ಜಾರಿಯಲ್ಲಿದ್ದಾಗ ಅದರಲ್ಲಿ ಚಾಕುವಿನ ಹೆಸರಿದ್ದರೆ ನಿಮ್ಮ ಸಕಾರಣವೂ ಕೈಹಿಡಿಯುವುದಿಲ್ಲ, ಆದೇಶದ ಉಲ್ಲಂಘನೆಯೇ ಪ್ರತ್ಯೇಕ ಅಪರಾಧವಾಗುತ್ತದೆ. ಮತದಾನದ ದಿನ ಮತಗಟ್ಟೆಯ ಆಸುಪಾಸಿನಲ್ಲಿ ಆಯುಧ ಒಯ್ಯುವುದನ್ನು ಪ್ರಜಾಪ್ರತಿನಿಧಿ ಕಾಯ್ದೆ ಬೇರೆಯಾಗಿಯೇ ನಿಷೇಧಿಸಿದೆ. ವಿಮಾನದಲ್ಲಿ ಕೈಚೀಲಕ್ಕೆ ಚಾಕು ಸಲ್ಲದು, ಚೆಕ್-ಇನ್ ಸಾಮಾನಿನಲ್ಲಿ ಇಡಬೇಕು. ಮೆಟ್ರೊ ನಿಲ್ದಾಣದಲ್ಲಿ, ನ್ಯಾಯಾಲಯದ ಬಾಗಿಲಲ್ಲಿ ತಡೆದರೆ ವಾದ ಮಾಡಬೇಡಿ. ಬೀದಿಯಲ್ಲಿ ಅಪರಾಧವಲ್ಲದ್ದನ್ನು ಒಳಕ್ಕೆ ಬಿಡದಿರುವ ಅಧಿಕಾರ ಅವರಿಗಿದೆ.

ಮತ್ತೆ ಪೊಲೀಸರು ತಡೆದರೆ, ಅವರು ಚೀಲಕ್ಕೆ ಕೈಹಾಕುವ ಮೊದಲೇ ಅದರಲ್ಲಿ ಮಡಚುವ ಚಾಕು ಇದೆ, ಇಂಥ ಕಡೆಯಿಂದ ಚಾರಣ ಮುಗಿಸಿ ಬರುತ್ತಿದ್ದೇನೆ ಎಂದು ತಿಳಿಸಿ. ನೀವೇ ಕೈಹಾಕಿ ತೆಗೆದು ತೋರಿಸಲು ಹೋಗಬೇಡಿ, ಕತ್ತಲಲ್ಲಿ ಎದುರು ನಿಂತವರಿಗೂ ಭಯವಿರುತ್ತದೆ. ಜಪ್ತಿ ಮಾಡುವುದಾದರೆ ಜಪ್ತಿ ಪಟ್ಟಿಯ ಪ್ರತಿ ಕೇಳಿ, ಬರೆಯದ ಹಾಳೆಗೆ ಸಹಿ ಹಾಕಬೇಡಿ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕೆಂದು ಸುರಕ್ಷಾ ಸಂಹಿತೆಯ 105ನೇ ಕಲಮು ಈಗ ಹೇಳುತ್ತದೆ. ಅಲಗಿನ ಅಳತೆಯೇ ವಿವಾದವಾಗುವ ಪ್ರಕರಣಗಳಲ್ಲಿ ಆ ಚಿತ್ರೀಕರಣ ನಿಮ್ಮ ರಕ್ಷಣೆಗೇ ಬರುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಅದೇ ಸಂಹಿತೆಯ 35ನೇ ಕಲಮಿನಡಿ ನೋಟಿಸ್ ಕೊಟ್ಟು ಹಾಜರಾಗಲು ಹೇಳಬೇಕು. ನೋಟಿಸ್ ಬಂದರೆ ತಪ್ಪದೆ ಹಾಜರಾಗಿ, ಹೋಗುವ ಮೊದಲು ವಕೀಲರೊಬ್ಬರನ್ನು ಕಾಣಿ.

ತಂಗಿಯ ವಿಷಯಕ್ಕೆ ನಾನು ಹೆಚ್ಚು ಯೋಚಿಸಿ ಉತ್ತರಿಸಬೇಕಾಯಿತು. ಅವರ ಭಯ ನಿಜವಾದದ್ದು, ಅದನ್ನು ಕಾನೂನಿನ ಕಲಮುಗಳಿಂದ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಸ್ಪಷ್ಟವಾಗಿದೆ. ಮೇಲೆ ಬಿದ್ದವನನ್ನು ಕೈಗೆ ಸಿಕ್ಕ ಯಾವುದರಿಂದಲಾದರೂ, ಅಗತ್ಯವಿರುವಷ್ಟು ಮಟ್ಟಿಗೆ, ಎದುರಿಸುವ ಹಕ್ಕು ಅವರಿಗಿದೆ. ಆದರೆ ಆ ಹಕ್ಕು ಹುಟ್ಟುವುದು ಅಪಾಯ ಎದುರಾದ ಕ್ಷಣದಲ್ಲಿ. ದಿನವೂ ಆಯುಧ ಒಯ್ಯುವುದಕ್ಕೆ ಅದು ಪರವಾನಗಿಯಾಗುವುದಿಲ್ಲ, ಮತ್ತು ರಕ್ಷಣೆಗೆ ಎಂಬ ಕಾರಣವೇ ವಸ್ತುವನ್ನು ಆಯುಧವಾಗಿಸುತ್ತದೆ ಎಂದು ಮೇಲೆ ಹೇಳಿದ್ದೇನೆ. ಕಾನೂನಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆಯ ಸಂಗತಿ. ನಾನು ನಡೆಸಿದ ಇರಿತದ ಪ್ರಕರಣಗಳಲ್ಲಿ ಚಾಕು ತಂದವನ ಕೈಯಲ್ಲೇ ಕೊನೆಯವರೆಗೆ ಉಳಿಯದೆ, ಎದುರಾಳಿ ಕಿತ್ತುಕೊಂಡು ತಿರುಗಿಸಿದ್ದನ್ನು ಕಂಡಿದ್ದೇನೆ. ತರಬೇತಿಯಿಲ್ಲದವರ ಕೈಯಲ್ಲಿ ಅದು ಇಬ್ಬರಿಗೂ ಅಪಾಯ, ತಗುಲಿದ ಗಾಯವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು.

ಪೆಪ್ಪರ್ ಸ್ಪ್ರೇ ಚಾಕುವಿಗಿಂತ ಮೇಲು, ಕೈಯಳತೆಯ ದೂರದಿಂದ ಬಳಸಿ ಓಡಬಹುದು. ಆದರೆ ಅದನ್ನೂ ಹಗುರವಾಗಿ ಕಾಣಬಾರದು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಗಳದ ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಮೇಲ್ನೋಟಕ್ಕೆ ಅಪಾಯಕಾರಿ ಆಯುಧವೆಂದು ಪರಿಗಣಿಸಿ, ಅದನ್ನು ಬಳಸಿದವರ ಮೇಲಿನ ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು. ಪ್ರಾಣಾಪಾಯವಿಲ್ಲದ ವಾಗ್ವಾದದಲ್ಲಿ ಅದನ್ನು ತೆಗೆಯುವಂತಿಲ್ಲ ಎಂದು ತಂಗಿಗೆ ತಿಳಿಸಿ ಹೇಳಿ. ಜೋರಾಗಿ ಕೂಗುವ ಅಲಾರಂ, 112ಕ್ಕೆ ಕರೆ, ಮನೆಯವರೊಂದಿಗೆ ಹಂಚಿಕೊಂಡ ಲೊಕೇಶನ್ ಇವುಗಳಿಂದ ಕಾನೂನಿನ ತೊಡಕಿಲ್ಲ. ರಾತ್ರಿ ಪಾಳಿಯಲ್ಲಿ ದುಡಿಸಿಕೊಳ್ಳುವ ಸಂಸ್ಥೆಯಿಂದ ಮನೆಯ ಬಾಗಿಲವರೆಗಿನ ವಾಹನವನ್ನು ಲಿಖಿತವಾಗಿ ಕೇಳಲು ಹೇಳಿ. ರಕ್ಷಣೆಯ ಹೊಣೆಯಲ್ಲಿ ದುಡಿಸಿಕೊಳ್ಳುವವರಿಗೂ ಪಾಲಿದೆ, ಅದಷ್ಟೂ ಆ ಹುಡುಗಿಯ ಚೀಲಕ್ಕೆ ಬೀಳಬಾರದು.

ಇನ್ನು ನಿಮ್ಮ ಇಂಗ್ಲೆಂಡ್ ಪ್ರಯಾಣ. ಅಲ್ಲಿಯ 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟಿನ 139ನೇ ಕಲಮಿನ ಪ್ರಕಾರ ಮೂರು ಇಂಚು ಮೀರದ ಅಲಗಿನ, ಮಡಚುವ ಜೇಬು ಚಾಕುವನ್ನು ಕಾರಣ ಕೊಡದೆಯೇ ಒಯ್ಯಬಹುದು. ನಿಮ್ಮದು ಏಳು ಸೆಂಟಿಮೀಟರ್, ಮೂರು ಇಂಚಿನೊಳಗೇ ಇದೆ, ಹಾಗಾಗಿ ನೀವು ನಿರಾತಂಕವಾಗಿ ಹೊರಡುತ್ತಿದ್ದಿರಿ. ಆದರೆ ತೆರೆದಾಗ ಅಲಗು ಲಾಕ್ ಆಗುತ್ತದೆ ಎಂದು ಬರೆದಿದ್ದೀರಿ. ಲಾಕ್ ಆಗುವ ಚಾಕುವನ್ನು ಅಲ್ಲಿಯ ನ್ಯಾಯಾಲಯಗಳು 1993ರಿಂದಲೂ ಮಡಚುವ ಚಾಕುವೆಂದು ಒಪ್ಪುವುದಿಲ್ಲ. ಅಲಗು ಎಷ್ಟೇ ಗಿಡ್ಡವಾಗಿದ್ದರೂ, ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ಸಕಾರಣವಿದೆಯೆಂದು ನೀವೇ ತೋರಿಸಿಕೊಡಬೇಕು. ರಕ್ಷಣೆಗೆ ಎಂಬುದನ್ನು ಅವರು ಸಕಾರಣವೆಂದು ಒಪ್ಪುವುದಿಲ್ಲ, ಮರೆತು ಚೀಲದಲ್ಲೇ ಉಳಿಯಿತು ಎಂದಷ್ಟೇ ಹೇಳಿದರೂ ಸಾಲದು. ಗರಿಷ್ಠ ಶಿಕ್ಷೆ ನಾಲ್ಕು ವರ್ಷದ ಜೈಲು. ಶಿಕ್ಷೆ ಚಿಕ್ಕದಾದರೂ ವಿದ್ಯಾರ್ಥಿ ವೀಸಾದ ಮೇಲೆ ಅದರ ನೆರಳು ಬೀಳುತ್ತದೆ. ಬೆಂಗಳೂರಿನಲ್ಲಿ ಅರ್ಧ ಗಂಟೆಯ ವಿಚಾರಣೆಗೆ ಮುಗಿದದ್ದು ಅಲ್ಲಿ ಬಂಧನಕ್ಕೇ ಕಾರಣವಾಗಬಹುದು. ಆದ್ದರಿಂದ ಸೂಟ್‌ಕೇಸ್ ಕಟ್ಟುವ ಮೊದಲು ಬೆನ್ನುಚೀಲದ ಎಲ್ಲ ಜೇಬುಗಳನ್ನೂ ಒಮ್ಮೆ ತಡಕಿ ನೋಡಿ, ಆ ಚಾಕುವನ್ನು ಸಾಗರದ ಮನೆಯಲ್ಲೇ ಬಿಟ್ಟು ಹೊರಡಿ.